ದಾವಲಮೇಸ್ತ್ರಿಯ ಎರಡು ಸುತ್ತಿಗೆ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂದರೆ, ಕಾರು ಬಂತೆಂದರೆ ಕೋಳಿಗಳು ದಾರಿ ಬಿಡುತ್ತಿದ್ದವು, ಜನ ಬಿಡುತ್ತಿರಲಿಲ್ಲ. ಆಗ ಹುಣಸಿಮಡ್ಡಿ ಅನ್ನೋ ಒಂದು ಊರಲ್ಲಿ ದಾವಲಮೇಸ್ತ್ರಿ ಅಂತ ಒಬ್ಬನಿದ್ದ. ಮೋಟಾರು ರಿಪೇರಿ ಅವನ ಕಸುಬು. ಅವನ ಕಿವಿಯ ಬಗ್ಗೆ ಏನೇನೋ ಹೇಳುತ್ತಾರೆ. ಕಾರು ಇನ್ನೂ ಕೆರೆ ಏರಿಯ ಮೇಲಿರುವಾಗಲೇ ಅದರ ಯಾವ ಕೀಲು ನೋಯುತ್ತಿದೆ ಅಂತ ಅಂಗಡಿಯಲ್ಲಿ ಕೂತು ಹೇಳುತ್ತಿದ್ದನಂತೆ. ಬಾನೆಟ್ಟು ಎತ್ತಿ ಒಮ್ಮೆ ಕೆಮ್ಮಿದರೆ ಕೆಟ್ಟ ಇಂಜಿನ್ನು ಹೆದರಿ ಚಾಲೂ ಆಗುತ್ತಿತ್ತಂತೆ. ಅವನಿಗೆ ನೆಗಡಿಯಾದ ವಾರ ಸುತ್ತಲಿನ ಒಂದು ಬಸ್ಸೂ ಹೊರಡಲಿಲ್ಲವಂತೆ. ನಾನು ಕಂಡಿಲ್ಲ, ನನಗೆ ಹೇಳಿದವರೂ ಕಂಡಿಲ್ಲ. ಆದರೆ ಅಷ್ಟು ಜನ ಸೇರಿ ಸುಳ್ಳು ಹೇಳಲಿಕ್ಕೆ ಅವನೇನು ಅವರೆಲ್ಲರ ಅಳಿಯನೇ?

ಆ ಊರಿಗೆಲ್ಲ ಇದ್ದದ್ದು ಒಂದೇ ಕಾರು, ತೀರಿಹೋದ ಶಿವಲಿಂಗಗೌಡರದು. ಕರ್ರಗೆ, ದುಂಡಗೆ, ಉಂಡು ಮಲಗಿದ ಎಮ್ಮೆಯ ಹಾಗಿತ್ತಂತೆ. ಗೌಡರು ಬದುಕಿದ್ದಾಗ ಮಗಳು ಸಂಗವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿನ್ನನ್ನು ಗಂಡನ ಮನೆಗೆ ಇದರಲ್ಲೇ ಕಳಿಸುತ್ತೇನೆ ಅಂದಿದ್ದರಂತೆ. ಗೌಡರು ಹೋದರು, ಮಾತು ಉಳಿಯಿತು. ಮದುವೆ ಗೊತ್ತಾದಾಗ ಸಂಗವ್ವ ಹಟ ಹಿಡಿದಳು. ಹೋದರೆ ಅಪ್ಪನ ಕಾರಿನಲ್ಲಿ, ಇಲ್ಲದಿದ್ದರೆ ಹೋಗುವುದೇ ಇಲ್ಲ.

ಮದುವೆ ಗಂಡಿನ ಊರಲ್ಲಿ. ದಿಬ್ಬಣ ಹೊರಡುವ ದಿನ ಬೆಳಿಗ್ಗೆ ಕಾರನ್ನು ತೊಳೆದು, ಹೂ ಕಟ್ಟಿ, ಊರ ಸುತ್ತ ಒಂದು ಸುತ್ತು ಹಾಕಿಸಿದರು. ಮೇಸ್ತ್ರಿಯ ಅಂಗಡಿಯ ಮುಂದೆ ತಿರುಗುವಾಗ ಮುಂದಿನ ಗಾಲಿ ಕುಂಯ್ ಅಂದಿತು. ಮೇಸ್ತ್ರಿ ಚಹಾದ ಬಟ್ಟಲು ಕೆಳಗಿಟ್ಟು ರಸ್ತೆಗೆ ಅಡ್ಡ ನಿಂತ. ಬಾಲ್ ಜಾಯಿಂಟು ಸವೆದಿವೆ, ಈ ಕಾರು ಹಳ್ಳ ದಾಟುವುದಿಲ್ಲ ಅಂದ.

ಬಾಲ್ ಜಾಯಿಂಟು ಅಂದರೆ ಮತ್ತೇನಲ್ಲ, ನಮ್ಮ ತೊಡೆಯ ಕೀಲು ಇದ್ದ ಹಾಗೆ. ಬಟ್ಟಲೊಳಗೆ ಒಂದು ಗುಂಡು, ಗುಂಡಿಗೊಂದು ಕಾಲು. ಆ ಕಾಲು ಗಾಲಿಯನ್ನು ಹೊತ್ತ ಕಬ್ಬಿಣದ ಗಣ್ಣಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಬಟ್ಟಲು ಸವೆದರೆ ಗುಂಡು ಜಾರುತ್ತದೆ, ಗಾಲಿ ಅಡ್ಡ ಮಲಗುತ್ತದೆ, ಒಳಗಿದ್ದವರು ಹಳ್ಳದಲ್ಲಿ. ಪುಣ್ಯಕ್ಕೆ ಗೌಡರೇ ತರಿಸಿದ್ದ ಹೊಸ ಜೋಡಿ ಮೇಸ್ತ್ರಿಯ ಪೆಟ್ಟಿಗೆಯಲ್ಲಿತ್ತು.

ಇನ್ನು ಗೌಡರ ಮನೆಯಲ್ಲಿ ಇಬ್ಬರು ಹೆಂಗಸರು. ಒಬ್ಬಳು ಸಂಗವ್ವನ ತಾಯಿ ನೀಲಗಂಗವ್ವ, ಇನ್ನೊಬ್ಬಳು ಗೌಡರ ತಂಗಿ ಬಾಳವ್ವ. ಅತ್ತಿಗೆ ನಾದಿನಿ ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಒಬ್ಬಳು ಬಾಯಿ ತೆರೆದರೆ ಇನ್ನೊಬ್ಬಳೂ ತೆರೆಯುತ್ತಿದ್ದಳು. ಒಬ್ಬರ ಮಾತು ಮುಗಿಯಲಿ ಅಂತ ಇನ್ನೊಬ್ಬರು ಕಾದದ್ದನ್ನು ಆ ಮನೆಯ ಗೋಡೆಗಳೂ ಕಂಡಿರಲಿಲ್ಲ. ನಡೆಯುವ ಕಾರನ್ನು ನಿಲ್ಲಿಸಿದ ಮೇಸ್ತ್ರಿಯ ಮೇಲೆ ಇಬ್ಬರೂ ಒಟ್ಟಿಗೆ ಬಿದ್ದರು. ಮೇಸ್ತ್ರಿಗೂ ರೋಷ ಬಂತು. ಮದುಮಗಳ ಜಡೆ ಹೆಣೆದು ಮುಗಿಯುವುದರೊಳಗೆ ಕಾರು ಸರಿಮಾಡಿ ಮನೆ ಮುಂದೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಪಾನಾ ಪಕ್ಕಡ್ ಸಾಮಾನೆಲ್ಲ ಕೆರೆಗೆಸೆದು ಮಾವನ ಮನೆಗೆ ಆಡು ಕಾಯಲು ಹೋಗುತ್ತೇನೆ ಅಂದುಬಿಟ್ಟ. ಅವನಿಗೆ ಆಡು ಕಂಡರೆ ಆಗುತ್ತಿರಲಿಲ್ಲ. ಮಾವನನ್ನು ಕಂಡರೆ ಇನ್ನೂ ಆಗುತ್ತಿರಲಿಲ್ಲ.

ಜಾಕು ಕೊಟ್ಟ, ಗಾಲಿ ಬಿಚ್ಚಿದ. ಎಡಗಡೆಯದು ಕೇಳಿದ ತಕ್ಷಣ ಬಂತು. ಬಲಗಡೆಯದು ಬರಲಿಲ್ಲ. ನಟ್ಟು ಸಡಿಲಿಸಿ ತುದಿಯಲ್ಲಿ ನಿಲ್ಲಿಸಿದ, ಸೀಮೆಎಣ್ಣೆ ಕುಡಿಸಿದ, ಬಡಿದ, ಬೈದ, ಕೊನೆಗೆ ಕೆಮ್ಮಿಯೂ ನೋಡಿದ. ಬರಲಿಲ್ಲ. ಇನ್ನು ಒಂದೇ ದಾರಿ. ಗಣ್ಣಿನ ಆ ಬದಿಗೊಂದು, ಈ ಬದಿಗೊಂದು, ಎರಡು ಸುತ್ತಿಗೆ ಏಕಕಾಲಕ್ಕೆ ಬೀಳಬೇಕು. ಒಂದರ ಹಿಂದೆ ಒಂದು ಬಿದ್ದರೆ ಕಬ್ಬಿಣ ಸುಮ್ಮನೆ ತೂಗಾಡುತ್ತದೆ. ಎರಡೂ ಒಟ್ಟಿಗೆ ಬಿದ್ದರೆ ಮಾತ್ರ ಒಳಗಿನದನ್ನು ಉಗುಳುತ್ತದೆ.

ಕಮ್ಮಾರ ಮಾನಪ್ಪ ತಮ್ಮನೊಂದಿಗೆ ಬಂದ. ಅಣ್ಣ ಹೊಡೆದ ಮೇಲೆ ತಮ್ಮ, ತಮ್ಮ ಹೊಡೆದ ಮೇಲೆ ಅಣ್ಣ. ಟಕ್ ಟಾಕ್, ಟಕ್ ಟಾಕ್. ಹುಟ್ಟಿದಾಗಿನಿಂದ ಕುಲುಮೆಯಲ್ಲಿ ಹಾಗೇ ಹೊಡೆದವರು, ಒಟ್ಟಿಗೆ ಹೊಡಿರೋ ಅಂದರೆ ಕೈಯೇ ಏಳಲಿಲ್ಲ. ಖಾರ ಕುಟ್ಟುವ ಹೆಂಗಸರನ್ನು ಕರೆಸಿದರು. ಅವರೂ ಅದೇ. ಒಬ್ಬರ ಒನಕೆ ಎದ್ದಾಗ ಇನ್ನೊಬ್ಬರದು ಬೀಳಬೇಕು, ಇಲ್ಲದಿದ್ದರೆ ಒನಕೆಗೆ ಒನಕೆ ತಾಗುತ್ತದೆ. ಮೇಸ್ತ್ರಿಯೇ ಮಾನಪ್ಪನ ಜೋಡಿ ನಿಂತ. ಮೇಸ್ತ್ರಿ ಮೊದಲು ಹೊಡೆಯಲಿ ಅಂತ ಮಾನಪ್ಪನ ಕೈ ಮರ್ಯಾದೆಗೆ ಕಾದು ನಿಂತಿತು. ಇಡೀ ಊರಿಗೆ ಸರದಿ ಗೊತ್ತಿತ್ತು, ಒಟ್ಟಿಗೆ ಹೊಡೆಯುವುದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಜಡೆ ಮುಗಿಯಿತು. ಸಂಗವ್ವ ಹೊರಗೆ ಬಂದು, ಒಂದು ಕಾಲೆತ್ತಿ ನಿಂತ ಅಪ್ಪನ ಕಾರನ್ನು ನೋಡಿದಳು. ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ಸದ್ದಿಲ್ಲದೆ ಅತ್ತಳು. ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ಇದನ್ನು ಮಾತ್ರ ಅವನಿಂದ ತಡೆಯಲಾಗಲಿಲ್ಲ. ಆಡೂ ಮರೆತುಹೋಯಿತು, ಮಾವನೂ ಮರೆತುಹೋದ, ಕಣ್ಣು ತುಂಬಿ ಬಂತಂತೆ.

ಮಗಳು ಅತ್ತದ್ದನ್ನು ಕಂಡು ನೀಲಗಂಗವ್ವ ಮೇಸ್ತ್ರಿಯನ್ನು ಬೈಯಲು ಶುರು ಮಾಡಿದಳು. ಬಾಳವ್ವನೂ ಶುರು ಮಾಡಿದಳು. ಇಬ್ಬರೂ ಒಟ್ಟಿಗೆ ದನಿ ಎತ್ತಿದರು, ಒಟ್ಟಿಗೆ ಇಳಿಸಿದರು, ಉಸಿರು ತೆಗೆದುಕೊಂಡದ್ದೂ ಒಟ್ಟಿಗೇ. ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಓಡಿಹೋಗಿ ಇಬ್ಬರ ಕೈಗೂ ಒಂದೊಂದು ಸುತ್ತಿಗೆ ಕೊಟ್ಟು, ಗಣ್ಣಿನ ಆಚೆಗೊಬ್ಬರನ್ನು ಈಚೆಗೊಬ್ಬರನ್ನು ಕೂರಿಸಿ, ಕೈಮುಗಿದು ಕೇಳಿದ.

“ಅವ್ವಾರ, ಮೊದಲ ಯಾರು ಹೊಡಿತೀರಿ?”

“ನಾ!” ಅಂದರು ಇಬ್ಬರೂ.

ಟಣ್! ಬಾಲ್ ಜಾಯಿಂಟು ಕಿತ್ತುಕೊಂಡು ಬಂತು. ತುದಿಯಲ್ಲಿ ನಿಲ್ಲಿಸಿದ ನಟ್ಟು ಹಿಡಿಯದಿದ್ದರೆ ಅದು ಪಕ್ಕದ ಊರಿಗೆ ಹೋಗಿ ಬೀಳುತ್ತಿತ್ತು ಅಂತಾರೆ. ಮೇಸ್ತ್ರಿ ಹೊಸದು ಕೂರಿಸಿದ, ಗ್ರೀಸು ತಿನ್ನಿಸಿದ, ದಾರ ಹಿಡಿದು ಗಾಲಿ ನೇರ ಮಾಡಿದ. ಅವನು ಇಷ್ಟು ಮಾಡಿ ಮುಗಿಸಿದರೂ ಇವರ ಜಗಳ ಮುಗಿದಿರಲಿಲ್ಲ. ಮೊದಲು ಬಿದ್ದದ್ದು ನನ್ನ ಸುತ್ತಿಗೆ ಅಂತ ಇವಳು, ನನ್ನದು ಅಂತ ಅವಳು. ಸೋತವಳು ದಿಬ್ಬಣಕ್ಕೆ ಬರುವುದಿಲ್ಲ ಅನ್ನುವವರೆಗೂ ಹೋಯಿತು. ಸಂಗವ್ವ ಮತ್ತೆ ಸೆರಗು ಬಾಯಿಗೆ ತಂದಳು. ಮಾನಪ್ಪನಿಗೆ ಎರಡು ಸಪ್ಪಳ ಕೇಳಿಸಿತ್ತಂತೆ, ನಡುವೆ ಕೂದಲೆಳೆಯಷ್ಟು ಅಂತರ. ಯಾವುದು ಮೊದಲು ಅಂತ ಹೇಳಲು ಬಾಯಿ ತೆರೆದ. ಮೇಸ್ತ್ರಿ ಗ್ರೀಸು ಹತ್ತಿದ ಕೈಯಿಂದ ಅವನ ಬಾಯಿ ಮುಚ್ಚಿದ.

“ನನಗ ಒಂದ ಸಪ್ಪಳ ಕೇಳಿಸ್ತು ನೋಡ್ರಿ,” ಅಂದ.

ಆ ಕಿವಿಯ ಮುಂದೆ ಯಾರು ವಾದಿಸುತ್ತಾರೆ? ನೀಲಗಂಗವ್ವ ಬಾಳವ್ವನ ಮುಖ ನೋಡಿದಳು, ಬಾಳವ್ವ ನೀಲಗಂಗವ್ವನ ಮುಖ ನೋಡಿದಳು. ಇಬ್ಬರೂ ಸುಮ್ಮನಾದರು, ಅದೂ ಒಟ್ಟಿಗೇ. ಸಂಗವ್ವನ ಆಚೆ ಈಚೆ ಕೂತು ಹೋದರು. ಕೆರೆ ಏರಿ ಮುಟ್ಟುವುದರೊಳಗೆ ಮತ್ತೆ ಜಗಳ ಶುರುವಾಗಿತ್ತಂತೆ, ಆದರೆ ಕಾರು ಮಾತ್ರ ಕುಂಯ್ ಅನ್ನಲಿಲ್ಲ.

ಈಗ ಮೇಸ್ತ್ರಿಯೂ ಇಲ್ಲ, ಅಂಗಡಿಯೂ ಇಲ್ಲ. ಅಂಗಡಿಯಿದ್ದ ಜಾಗದ ಕಲ್ಲಿನಲ್ಲಿ ಆ ಸವೆದ ಬಾಲ್ ಜಾಯಿಂಟು ಕೂರಿಸಿದ್ದಾರೆ. ಮದುಮಗಳು ಊರು ಬಿಡುವ ದಿನ ತಾಯಿ ಕಡೆಯವರೊಬ್ಬರು, ತಂದೆ ಕಡೆಯವರೊಬ್ಬರು ಅದರ ಮೇಲೆ ಸುತ್ತಿಗೆ ಹೊಡೆಯಬೇಕು. ಬಾಡಿಗೆ ಕಾರಿನ ಡ್ರೈವರು ಎಷ್ಟೇ ಹಾರನ್ನು ಹೊಡೆಯಲಿ, ಅದಾಗುವ ತನಕ ಯಾರೂ ಹತ್ತುವುದಿಲ್ಲ. ಊರ ಹಿರಿಯರೊಬ್ಬರು ಪಕ್ಕದಲ್ಲಿ ಕಿವಿಗೊಟ್ಟು ನಿಂತಿರುತ್ತಾರೆ. ಮೊನ್ನೆ ಒಂದು ಮದುವೆಯಲ್ಲಿ ಎರಡು ಏಟಿನ ನಡುವೆ ಒಂದು ಎಮ್ಮೆ ಆರಾಮಾಗಿ ದಾಟಿಹೋಗಬಹುದಿತ್ತು. ಹಿರಿಯರು ಕಿವಿ ಮುಟ್ಟಿಕೊಂಡು, ಒಂದ ಸಪ್ಪಳ ಅಂದರು. ನೆರೆದವರೆಲ್ಲ ಹೌದು ಹೌದು ಅಂದರು. ಹುಡುಗಿ ಕಣ್ಣೊರೆಸಿಕೊಂಡು ಕಾರು ಹತ್ತಿದಳು.