ಗೂಡಿನಲ್ಲಿ ಅರಳಿದ ದೇವಕಣಗಿಲೆ

ಹೊಳೆಯ ಆಚೆ ದಡದಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ಹಂಚು ಹೊದಿಸಿದ ಎರಡು ಕೋಣೆ, ಒಂದು ಅಡುಗೆಮನೆ, ಬಾವಿ. ಸುತ್ತ ಎಲ್ಲಿ ನೋಡಿದರೂ ದೇವಕಣಗಿಲೆ. ಬಿಳಿ ಎಸಳು, ನಡುವೆ ಅರಿಶಿನ ತೊಡೆದ ಹಾಗೆ ಹಳದಿ.

ಅಲ್ಲಿನ ಗುರು ಮುಕ್ತಾಯಮ್ಮ. ವಯಸ್ಸಾದವರು, ಕುಳ್ಳಗಿನವರು. ಎಲ್ಲರಿಗೂ ಅವ್ವ.

ಅವ್ವನದೊಂದು ಪದ್ಧತಿ. ಹೊಸದಾಗಿ ಬಂದ ಶಿಷ್ಯರಿಗೆ ಬಾವಿ ಪಕ್ಕದ ಹಳೇ ಮರದಿಂದ ಒಂದು ಕೊಂಬೆ ಕತ್ತರಿಸಿ ಕೊಡುತ್ತಿದ್ದರು.

"ಇದನ್ನು ಬೆಳೆಸು. ಹೂ ಬಿಟ್ಟ ದಿನ ಬಾ. ಕಿವಿಯಲ್ಲಿ ಒಂದು ಮಾತು ಹೇಳ್ತೀನಿ."

ಅದೇ ಉಪದೇಶ. ಆಮೇಲೆ ಆ ಗಿಡಕ್ಕೆ ಆ ಶಿಷ್ಯರದ್ದೇ ಹೆಸರು. ಹಾಗಾಗಿ ಅಡುಗೆಯ ಕೆಂಚಮ್ಮ, "ಸಿದ್ದಪ್ಪನ ಮೇಲೆ ಸೀರೆ ಒಣಹಾಕಿದೀನಿ, ತಗೊಂಡು ಬಾ" ಎಂದರೆ ಹೊಸಬರು ಗಾಬರಿಯಾಗುತ್ತಿದ್ದರು.

ಸುಭದ್ರೆಯೂ ಗಾಬರಿಯಾದಳು. ಆಮೇಲೆ ಗೊತ್ತಾಗಿ, ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅವಳು ಬಂದದ್ದು ಬೇಸಿಗೆಯಲ್ಲಿ. ಇದಕ್ಕೆ ಮೊದಲು ಬೇರೆ ಬೇರೆ ಗುರುಗಳ ಹತ್ತಿರ ಇದ್ದು ಬಂದವಳು. ಒಬ್ಬರ ಹತ್ತಿರ ಸ್ತೋತ್ರ ಕಲಿತಿದ್ದಳು, ಇನ್ನೊಬ್ಬರ ಹತ್ತಿರ ಧ್ಯಾನ, ಮತ್ತೊಬ್ಬರ ಹತ್ತಿರ ಉಪವಾಸ. ಕೇಳಿದರೆ ಎಲ್ಲವನ್ನೂ ತಡವರಿಸದೆ ಹೇಳುತ್ತಿದ್ದಳು. ಆದರೆ ಎಲ್ಲಿಯೂ ನಿಂತಿರಲಿಲ್ಲ. ಉಪದೇಶ ಸಿಗುವ ಹೊತ್ತಿಗೆ ಅವಳ ಗಂಟು ಕಟ್ಟಿಯಾಗಿರುತ್ತಿತ್ತು.

ಹರಿಗೋಲಿನಲ್ಲಿ ಕರೆತಂದು ಬಿಟ್ಟ ಸೋದರಮಾವ ಗುರುಪಾದಪ್ಪ ದಡದಲ್ಲೇ ನಿಂತು ಹೇಳಿದ್ದ.

"ನೋಡು ಹುಡುಗಿ, ಮಳೆಗೆ ಹೊಳೆ ತುಂಬೋ ಮೊದಲು ಬರ್ತೀನಿ. ತುಂಬಿತೋ, ದೀಪಾವಳಿವರೆಗೂ ಯಾರೂ ಆಚೆ ಈಚೆ ಆಗೋ ಹಾಗಿಲ್ಲ. ಅಷ್ಟರೊಳಗೆ ಆ ಉಪದೇಶವೋ ಏನೋ, ಈಸ್ಕೊಂಡುಬಿಡು. ಈ ಸಲವೂ ಬರಿಗೈಲಿ ಬಂದರೆ ನಿಮ್ಮಮ್ಮನ ಮುಖ ನಾನು ಹೆಂಗೆ ನೋಡಲಿ?"

ಸುಭದ್ರೆ ತಲೆ ತಗ್ಗಿಸಿ, "ಈ ಸಲ ಆಗುತ್ತೆ ಮಾವ" ಎಂದಿದ್ದಳು.

ಅವ್ವ ಕೊಂಬೆ ಕೊಟ್ಟ ದಿನ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಹೂ ಬಿಡೋಕೆ ಎಷ್ಟು ದಿನ ಹಿಡಿಯುತ್ತೆ ಅವ್ವ?"

"ಅದಕ್ಕೆ ಬೇಕಾದಷ್ಟು."

ಕೆಂಚಮ್ಮ ಕಿಟಕಿಯಿಂದ ಕೂಗಿದಳು. "ಸಿದ್ದಪ್ಪ ಎರಡು ವರ್ಷ ತಗೊಂಡ! ಗಿಡಾನೂ ಅವನ ಹಂಗೇ ಸೋಮಾರಿ!"

ಎರಡು ವರ್ಷ ಎಂದಿದ್ದೇ ಸುಭದ್ರೆ ಮಳೆಗಾಲಕ್ಕೆ ಉಳಿದ ದಿನಗಳನ್ನು ಬೆರಳು ಮಡಿಸಿ ಎಣಿಸಿದಳು. ಕೊಂಬೆಯ ತುದಿಯಿಂದ ಹಾಲು ಇನ್ನೂ ತೊಟ್ಟಿಕ್ಕುತ್ತಿತ್ತು. ಆ ಗಳಿಗೆಯಲ್ಲೇ ಗುಂಡಿ ತೋಡಿ, ಗೊಬ್ಬರ ಹಾಕಿ, ನೆಟ್ಟು, ಕೊಡದ ಮೇಲೆ ಕೊಡ ನೀರು ಸುರಿದಳು. ಮಧ್ಯಾಹ್ನ ಬಿಸಿಲೆಂದು ಮತ್ತೆ ಸುರಿದಳು. ಸಂಜೆ ತಂಪಾಗಲೆಂದು ಮತ್ತೆ.

ಕೆಲವೇ ದಿನಗಳಲ್ಲಿ ಕೊಂಬೆಯ ಬುಡ ಕಪ್ಪಾಯಿತು. ಆಮೇಲೆ ಮೆತ್ತಗಾಯಿತು.

ಯಾರಿಗೂ ಹೇಳಲಿಲ್ಲ ಅವಳು. ನಸುಕಿನಲ್ಲೇ ಎದ್ದು, ಕೊಳೆತದ್ದನ್ನು ಹೊಳೆಗೆ ಬಿಟ್ಟು, ಹಳೇ ಮರದಿಂದ ಇನ್ನೊಂದು ಮುರಿದು ತಂದು ಅದೇ ಗುಂಡಿಯಲ್ಲಿ ನೆಟ್ಟಳು. ಅದೂ ಕೊಳೆಯಿತು. ಮತ್ತೆ ಇನ್ನೊಂದು.

ಒಂದು ದಿನ ಊಟಕ್ಕೆ ಕೂತಾಗ ಅವ್ವ ಕೇಳಿದರು.

"ಸುಬ್ಬೀ, ನಾವು ಹಸು ತಂದದ್ದು ಯಾವಾಗ?"

"ಹಸುವೇ ಇಲ್ಲವಲ್ಲ ಅವ್ವ."

"ಮತ್ತೆ ಬೆಳಗ್ಗೆ ಬೆಳಗ್ಗೆ ಎಲ್ಲಿ ಹಾಲು ಕರೀತಾ ಇದೀಯ? ಸೆರಗಿನ ತುಂಬ ಕಲೆ."

ಸುಭದ್ರೆ ಸೆರಗು ನೋಡಿಕೊಂಡಳು. ದೇವಕಣಗಿಲೆ ಹಾಲು ಒಣಗಿ ಕಂದು ಚುಕ್ಕೆಗಳಾಗಿದ್ದವು. ಕಣ್ಣು ತುಂಬಿತು.

"ಅಳಬೇಡ" ಎಂದರು ಅವ್ವ. "ಮರ ಆಗಲೇ ಸಾಕಷ್ಟು ಅತ್ತಿದೆ. ಮೊದಲು ಊಟ ಮಾಡು."

ಊಟವಾದ ಮೇಲೆ ಗಿಡ ತರಲು ಹೇಳಿದರು. ತಂದಳು. ಅವ್ವ ಬುಡವನ್ನು ಹೆಬ್ಬೆರಳಲ್ಲಿ ಒತ್ತಿದರು. ಕಳಿತ ಬಾಳೆಹಣ್ಣಿನ ಹಾಗೆ ಬೆರಳು ಒಳಗಿಳಿಯಿತು.

"ಏನು ಕೊಟ್ಟೆ ಇದಕ್ಕೆ?"

"ನೀರು."

"ಯಾವಾಗ?"

"ನೆನಪಾದಾಗಲೆಲ್ಲ."

"ಯಾವಾಗ ನೆನಪಾಗ್ತಿತ್ತು?"

"ಮರೆತೇ ಇಲ್ಲ ಅವ್ವ."

"ಪಾಪ" ಎಂದು ಅವ್ವ ಆ ಕೊಳೆತ ಕೊಂಬೆಯ ತಲೆ ಸವರಿದರು. "ಉಸಿರಾಡೋಕೂ ಪುರುಸೊತ್ತು ಕೊಟ್ಟಿಲ್ಲ ನೋಡು ಇವಳು."

ಅಳುತ್ತಿದ್ದವಳಿಗೆ ನಗು ಬಂತು.

ಮರುದಿನ ಅವ್ವ ಅವಳನ್ನು ಹಳೇ ಮರದ ಕೆಳಗೆ ಕರೆದುಕೊಂಡು ಹೋದರು.

"ಯಾವುದು ಬೇಕೋ ನೀನೇ ಆರಿಸು."

ಸುಭದ್ರೆ ಮರವನ್ನು ಸುತ್ತಿ ಸುತ್ತಿ ನೋಡಿದಳು. ಗಟ್ಟಿ ಕೊಂಬೆಗಳಿದ್ದವು. ಚೆನ್ನಾಗಿ ಬಲಿತ, ಬೂದು ಬಣ್ಣದವು. ಅವಳ ಕಣ್ಣು ನಿಂತದ್ದು ಮಾತ್ರ ತುದಿಯಲ್ಲಿ ಮೊಗ್ಗಿನ ಗೊಂಚಲು ಹೊತ್ತ ಒಂದು ಸಣಕಲು ಕೊಂಬೆಯ ಮೇಲೆ.

ಅವ್ವ ಕೊಂಬೆ ನೋಡಿದರು. ಅವಳ ಮುಖ ನೋಡಿದರು.

"ಇದೇನಾ?"

"ಇದೇ."

"ಜಾಣೆ."

ಕತ್ತರಿಸಿದರು. ಎಲೆಗಳನ್ನು ಒಂದೊಂದಾಗಿ ಕಿತ್ತರು. ಹಾಲು ಸುರಿಯಿತು. ಸುಭದ್ರೆ ಹಿಂದಿನ ದಿನವೇ ಗುಂಡಿ ತೋಡಿಟ್ಟಿದ್ದಳು. ಅವ್ವ ಗುಂಡಿ ದಾಟಿಕೊಂಡು ನೇರ ಅಡುಗೆಮನೆಗೆ ಹೋದರು. ಒಲೆಯ ಪಕ್ಕದ ಗೋಡೆಯಲ್ಲಿ ದೀಪ ಇಡುವ ಗೂಡು ಇತ್ತು. ಕೊಂಬೆಯನ್ನು ಅದರಲ್ಲಿ ಒರಗಿಸಿಟ್ಟರು.

"ಅವ್ವ, ಮಣ್ಣು?"

"ಬೇಡ."

"ನೀರು?"

"ಬೇಡ."

"ಎಲ್ಲಿವರೆಗೆ?"

"ಕತ್ತರಿಸಿದ ಜಾಗ ಒಣಗೋವರೆಗೆ. ಹಸಿ ಗಾಯವನ್ನು ಮಣ್ಣಲ್ಲಿ ಮುಚ್ಚಿಟ್ಟರೆ ಕೊಳೆಯುತ್ತೆ ಸುಬ್ಬೀ."

"ಅಲ್ಲಿವರೆಗೆ ನಾನೇನು ಮಾಡಲಿ?"

"ಕೆಂಚಮ್ಮನಿಗೆ ಸೊಪ್ಪು ಬಿಡಿಸಿಕೊಡು."

ಸುಭದ್ರೆ ಸೊಪ್ಪು ಬಿಡಿಸಿದಳು. ಮೆಂತ್ಯ, ದಂಟು, ಹರಿವೆ. ಕೈ ಸೊಪ್ಪಿನ ಮೇಲೆ, ಕಣ್ಣು ಗೂಡಿನ ಮೇಲೆ. ಒಮ್ಮೆ ಯಾರೂ ಇಲ್ಲವೆಂದು ಬೆರಳು ನೀರಲ್ಲಿ ಅದ್ದಿ ಎದ್ದಳು. ಹಿಂದಿನಿಂದ ಸೌಟಿನ ಹಿಡಿ ಮೊಣಕೈಗೆ ತಗುಲಿತು.

"ಬೇಡ ಅಂದರಲ್ಲ ಅವ್ವ?" ಕೆಂಚಮ್ಮ ನಿಂತಿದ್ದಳು. "ಕೂತ್ಕೋ. ಏನೂ ಮಾಡದೆ ಇರೋದು ನಿನಗೆ ಯಾರೂ ಕಲಿಸಿಲ್ವಾ ಇಷ್ಟು ದಿನ?"

"ಇಲ್ಲ" ಎಂದಳು ಸುಭದ್ರೆ, ನಿಜವಾಗಿ ಯೋಚಿಸಿ.

ದಿನಗಳು ಹೋದವು. ಆಕಾಶದ ಅಂಚಿನಲ್ಲಿ ಮೋಡ ಕಾಣಿಸತೊಡಗಿತು.

ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಹೊಗೆಯ ವಾಸನೆ ಇರಲಿಲ್ಲ. ಹೊಗೆ ಇತ್ತು, ಆದರೆ ಅದನ್ನೆಲ್ಲ ಮೀರಿ ಇನ್ನೊಂದು ಪರಿಮಳ. ಸುಭದ್ರೆ ಗೂಡಿನ ಕಡೆ ನೋಡಿದಳು. ಒಣ ಕೋಲಿನ ತುದಿಯಲ್ಲಿ ಒಂದು ಹೂ ಅರಳಿತ್ತು. ಪಕ್ಕದಲ್ಲಿ ಇನ್ನೊಂದು ಅರಳಲು ಸುರುಳಿ ಬಿಚ್ಚುತ್ತಿತ್ತು.

ಕೆಂಚಮ್ಮ ಕಿರುಚಿದಳು. ಆ ಕಿರುಚಾಟಕ್ಕೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಓಡಿ ಬಂದರು.

"ಮಣ್ಣಿಲ್ಲ, ನೀರಿಲ್ಲ, ಹೂ ಬಿಟ್ಟಿದೆಯಲ್ಲೇ!"

ಒಬ್ಬಳು ಗೂಡಿಗೆ ಕುಂಕುಮ ಇಟ್ಟಳು. ಒಬ್ಬಳು ಊದುಬತ್ತಿ ಹಚ್ಚಿದಳು. ವಯಸ್ಸಾದ ಒಬ್ಬಾಕೆ ಸುಭದ್ರೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ನಿನ್ನ ಕೈಗುಣ ತಾಯಿ" ಎಂದಳು.

ಸುಭದ್ರೆಗೆ ಇಲ್ಲ ಅನ್ನಬೇಕೆನಿಸಿತು. ಆದರೆ ಹೇಳಲಿಲ್ಲ. ಇದ್ದರೂ ಇರಬಹುದು ಎಂದು ಒಳಗೊಂದು ಆಸೆ.

ಅವ್ವ ಬಂದು ನೋಡಿದರು. ಮೂಸಿದರು.

"ಹೂವೇ" ಎಂದರು.

"ಹೂ ಬಿಟ್ಟ ದಿನ ಬಾ ಅಂದಿದ್ದಿರಿ."

"ಅಂದಿದ್ದೆ."

"ಬೇರು ಬಿಟ್ಟ ಮೇಲೆ ಬಾ ಅಂದಿರಲಿಲ್ಲ."

ಹೇಳಿದ ಮೇಲೆ ಸುಭದ್ರೆಗೇ ನಾಚಿಕೆಯಾಯಿತು. ಅವಳ ಬಾಯಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ. ಕೆಂಚಮ್ಮ ಹುಬ್ಬೇರಿಸಿದಳು.

ಅವ್ವ ಬೊಚ್ಚು ಬಾಯಿ ತೆರೆದು ನಕ್ಕರು. "ಇಲ್ಲಮ್ಮ, ಅಂದಿರಲಿಲ್ಲ. ನಾಳೆ ಬೆಳಗ್ಗೆ ಸ್ನಾನ ಮಾಡಿ ಬಾ. ಕೋಲನ್ನೂ ತಾ."

ಬೆಳಗಾಗುವಾಗ ಮೇಲಿನ ಸೀಮೆಯಲ್ಲಿ ಮಳೆಯಾಗಿತ್ತು. ಹೊಳೆಯ ನೀರಿಗೆ ಕೆಂಪು ಬೆರೆತಿತ್ತು. ಮಾವನ ಹರಿಗೋಲು ಸುತ್ತುತ್ತ ಸುತ್ತುತ್ತ ದಡಕ್ಕೆ ಬಂತು.

"ಆಯ್ತಾ?" ಮಾವ ಇಳಿಯುವ ಮೊದಲೇ ಕೇಳಿದ.

"ಈಗ ಆಗುತ್ತೆ ಮಾವ."

"ಬೇಗ ಮುಗಿಸ್ಕೊಂಡು ಬಾ ತಾಯಿ. ನೀರು ನಾನು ನೋಡ್ತಿದ್ದ ಹಂಗೇ ಏರ್ತಾ ಇದೆ."

ಸುಭದ್ರೆ ಗಂಟು ಕಟ್ಟಿ ಜಗಲಿಯ ಮೇಲಿಟ್ಟಳು. ಅಡುಗೆಮನೆಗೆ ಹೋಗಿ ಗೂಡಿನಿಂದ ಕೋಲು ತೆಗೆದಳು. ಇಷ್ಟು ದಿನದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು.

ಹಗುರವಾಗಿತ್ತು. ಅವಳು ಅಂದುಕೊಂಡದ್ದಕ್ಕಿಂತ ತೀರಾ ಹಗುರ. ಸಿಪ್ಪೆ ಅವ್ವನ ಮುಂಗೈಯ ಹಾಗೆ ಸುಕ್ಕುಗಟ್ಟಿತ್ತು. ಗೊಂಚಲು ಮಾತ್ರ ತುಂಬಿ, ಭಾರಕ್ಕೆ ಬಾಗಿ, ಘಮಘಮ ಎನ್ನುತ್ತಿತ್ತು.

ಬಾವಿ ಪಕ್ಕದ ಹಳೇ ಮರದ ಕೆಳಗೆ ಅವ್ವ ಕೂತಿದ್ದರು. ಸುಭದ್ರೆ ಎದುರು ಕೂತಳು. ಕೋಲನ್ನು ಮಡಿಲಲ್ಲಿಟ್ಟುಕೊಂಡಳು.

"ಅವ್ವ, ಇದು ಯಾಕೆ ಹೀಗೆ ಸುಕ್ಕಾಗಿದೆ?"

"ಹೂ ಬಿಡ್ತಾ ಇದೆಯಲ್ಲ."

"ಮಣ್ಣಿಲ್ಲ, ನೀರಿಲ್ಲ. ಏನು ತಿಂದು ಬಿಡ್ತಾ ಇದೆ?"

"ತಾಯಿಮರ ಕಟ್ಟಿಕೊಟ್ಟ ಬುತ್ತಿ. ಅದು ಮುಗಿದ ಮೇಲೆ ತನ್ನನ್ನೇ."

ಸುಭದ್ರೆ ಸುಕ್ಕಿನ ಮೇಲೆ ಬೆರಳಾಡಿಸಿದಳು.

"ಈಗ ನೆಟ್ಟರೆ ಬೇರು ಬರುತ್ತಾ?"

"ಬಂದರೆ ಬಂತು. ಒಳಗೆ ಉಳಿದಿರೋ ಹಾಲು ಸ್ವಲ್ಪ. ಮೇಲೂ ಹೋಗಬೇಕು, ಕೆಳಗೂ ಹೋಗಬೇಕು ಅಂದರೆ ಎಲ್ಲಿಂದ ತಂದೀತು?"

"ಹೂ ತೆಗೆದರೆ?"

ಅವ್ವ ಹೊಳೆಯ ಕಡೆ ನೋಡಿದರು.

"ನಿಮ್ಮ ಮಾವ ಕಾಯ್ತಾ ಇದಾರೆ. ನಾನು ಕೊಟ್ಟ ಮಾತು ಕೊಟ್ಟ ಮಾತೇ. ಕಿವಿ ಇತ್ತ ತಾ ಸುಬ್ಬೀ."

ಸುಭದ್ರೆ ಮುಂದೆ ಬಾಗಿದಳು. ಕಿವಿಯ ಮೇಲಿನ ಕೂದಲನ್ನು ಅವ್ವ ಹಿಂದಕ್ಕೆ ಸರಿಸಿದರು. ಅವ್ವನ ಉಸಿರು ಕೆನ್ನೆಗೆ ತಾಗಿತು. ಎಲೆಯಡಿಕೆಯ ವಾಸನೆ. ಎಷ್ಟು ಕಡೆ ಅಲೆದದ್ದು ಇದಕ್ಕಾಗಿ.

"ಬೇಡ ಅವ್ವ."

ಅವಳು ತಲೆ ಹಿಂದಕ್ಕೆಳೆದುಕೊಂಡಿದ್ದಳು.

"ಬೇಡವಾ?"

"ಈಗ ಬೇಡ."

ಸುಭದ್ರೆ ಗೊಂಚಲಿನ ಬುಡಕ್ಕೆ ಉಗುರು ಹಚ್ಚಿದಳು. ಕಣ್ಣು ಮುಚ್ಚಿ ಚಿವುಟಿದಳು. ಒಂದೇ ಒಂದು ತೊಟ್ಟು ಹಾಲು ಬಂತು. ಅಷ್ಟೇ ಇತ್ತು.

ಗೊಂಚಲು ಹಿಡಿದುಕೊಂಡು ದಡಕ್ಕೆ ಓಡಿದಳು.

"ಮಾವ, ಇದನ್ನು ಅಮ್ಮನಿಗೆ ಕೊಡಿ."

"ಉಪದೇಶ ಆಯ್ತೋ ಇಲ್ಲವೋ?"

"ಇಲ್ಲ ಮಾವ."

"ಇಲ್ಲವಾ! ಹೂ ಬಿಟ್ಟಿದೆ ಅಂತ ನಮ್ಮ ದಡದಲ್ಲೆಲ್ಲ ಸುದ್ದಿ!"

"ಬಿಟ್ಟಿತ್ತು. ಹೊಳೆ ಇಳಿದ ಮೇಲೆ ಬನ್ನಿ. ನಾನು ಇಲ್ಲೇ ಇರ್ತೀನಿ ಅಂತ ಅಮ್ಮನಿಗೆ ಹೇಳಿ."

ಮಾವ ಅವಳನ್ನು ನೋಡಿದ, ನೀರನ್ನು ನೋಡಿದ. ಬೈಯಲು ಪುರುಸೊತ್ತಿರಲಿಲ್ಲ. ಹೂಗೊಂಚಲನ್ನು ರುಮಾಲಿನಲ್ಲಿ ಜೋಪಾನವಾಗಿ ಸುತ್ತಿಕೊಂಡು ಹರಿಗೋಲು ತಿರುಗಿಸಿದ.

ಜಗಲಿಯ ಮೇಲೆ ಗಂಟು ಇರಲಿಲ್ಲ. ಕೆಂಚಮ್ಮ ಆಗಲೇ ಅದನ್ನು ಒಳಗಿಟ್ಟು, ಅದರ ಜಾಗದಲ್ಲಿ ಒಂದು ಮೊರ ಮೆಂತ್ಯ ಸೊಪ್ಪು ಇಟ್ಟು ಹೋಗಿದ್ದಳು.

ಅವ್ವ ಮಳೆ ತಾಗದ ಕಡೆ, ಸೂರಿನ ಕೆಳಗೆ, ಒಂದು ಮಡಕೆಯಲ್ಲಿ ಒಣ ಮರಳು ತುಂಬಿ ಕೂತಿದ್ದರು. ಸುಭದ್ರೆ ಕೋಲನ್ನು ಅದರಲ್ಲಿ ನಿಲ್ಲಿಸಿದಳು. ಬುಡದ ಸುತ್ತ ಮರಳು ಒತ್ತಿದಳು. ಅವಳ ಕೈ ತಾನಾಗಿಯೇ ಪಕ್ಕದ ಚೊಂಬಿನ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಅವ್ವ ನೋಡಿಯೂ ನೋಡದವರ ಹಾಗೆ ಇದ್ದರು.

ಮಳೆಯ ಮೊದಲ ಹನಿಗಳು ಹಂಚಿನ ಮೇಲೆ ಬಿದ್ದವು. ಮಡಕೆಯಲ್ಲಿ ಬೋಳು ಕೋಲು ನಿಂತಿತ್ತು. ಎಲೆಯಿಲ್ಲ, ಹೂವಿಲ್ಲ. ನೋಡಿದವರು ಸೌದೆ ಎನ್ನಬೇಕು.

ಸುಭದ್ರೆ ಕೋಲಿನ ಚಿವುಟಿದ ತುದಿ ನೋಡಿದಳು.

"ಇದ್ದ ಹೂವೂ ಹೋಯಿತಲ್ಲ ಅವ್ವ."

ಅವ್ವ ಅವಳ ಕೈಗಳನ್ನು ಸೆರಗಿನಿಂದ ಬಿಡಿಸಿ, ಬೆರಳಿಗಂಟಿದ ಹಾಲನ್ನು ತಮ್ಮ ಸೆರಗಿಗೆ ಒರೆಸಿಕೊಂಡರು.

"ಹೋಗಲಿ ಬಿಡು ಸುಬ್ಬೀ. ಹಾಲೆಲ್ಲ ಇನ್ನು ನಿನಗೇ ಅಂತ ಕೆಳಗೆ ಬುಡಕ್ಕೆ ಸುದ್ದಿ ಮುಟ್ಟಿರುತ್ತೆ."