ಹೂವಿನ ಅಪ್ಪಣೆ ಮತ್ತು ನಾಸ್ತಿಕನ ನಾಲಿಗೆ

ಬಿಳಿಗುಂದ ಸಂಸ್ಥಾನದಲ್ಲಿ ನಮ್ಮ ಅರಸು ಮನೆತನದ ಪರಿಚಯವನ್ನು ಯಾರಿಗೂ ಮಾಡಿಕೊಡಬೇಕಾಗಿರಲಿಲ್ಲ. ತಲೆತಲಾಂತರದಿಂದ ದೊರೆಗಳ ಪಕ್ಕದ ಆಸನ ನಮ್ಮದು. ನಮ್ಮವರು ಯಾರ ಮುಂದೆಯೂ ಹಲ್ಲುಗಿಂಜಿದವರಲ್ಲ, ಪಂಕ್ತಿಯಲ್ಲಿ ಕೂತು ಗಟ್ಟಿಯಾಗಿ ಹರಟಿದವರಲ್ಲ, ತಿಳಿಯದ್ದನ್ನು ತಿಳಿದಿದೆ ಎಂದವರೂ ಅಲ್ಲ. ಕೊನೆಯ ಗುಣ ಈಗ ಅಪರೂಪ. ಆಗಲೂ ಅಪರೂಪವೇ ಆಗಿತ್ತು. ಆ ಮನೆತನದ ಸುಬ್ಬರಾಜೇ ಅರಸರು ದೊರೆ ಚೆನ್ನರಾಜರ ಆಸ್ಥಾನದಲ್ಲಿದ್ದಾಗ ನಡೆದ ಸಂಗತಿ ಇದು.

ದೇಶದಲ್ಲೆಲ್ಲ ಹೆಸರಾಗಿದ್ದ ನಾಸ್ತಿಕ ಕಪಿಲಭಟ್ಟರು ಬಿಳಿಗುಂದಕ್ಕೆ ಬಂದಿದ್ದರು. ಅವರ ಮಾತು ಕೇಳಲು ಜನ ಕಿಕ್ಕಿರಿದು ಸೇರುತ್ತಿದ್ದರು. ಸುಬ್ಬರಾಜೇ ಅರಸರಂತೂ ದಿನವೂ ಮುಂದಿನ ಸಾಲಿನಲ್ಲಿ. ಕಪಿಲಭಟ್ಟರು ಕೂಗಾಡುತ್ತಿರಲಿಲ್ಲ. ಮನೆಯಲ್ಲಿ ದೀಪ ಹಚ್ಚಿ ಕೈಮುಗಿಯುವ ಮುದುಕಿಯನ್ನು ಎಂದೂ ಹಂಗಿಸುತ್ತಿರಲಿಲ್ಲ. ಆ ದೀಪದ ಎಣ್ಣೆಯಲ್ಲಿ ಹೊಟ್ಟೆ ಬೆಳೆಸಿಕೊಂಡವರನ್ನು ಮಾತ್ರ ಬಿಡುತ್ತಿರಲಿಲ್ಲ.

ಅಂಥ ಹೊಟ್ಟೆಗಳಲ್ಲಿ ಮೊದಲನೆಯದು ಅರಮನೆ ದೇವಸ್ಥಾನದ ಅರ್ಚಕ ಅನಂತಾವಧಾನಿಗಳದು. ಒಂದು ದಿನ ದೊರೆಗಳೂ ಬಂದು ಕೂತಿದ್ದಾಗ ಅವರು ತುಂಬಿದ ಸಭೆಗೆ ನುಗ್ಗಿದರು.

“ಏನಯ್ಯಾ, ದೇವರೇ ಇಲ್ಲ ಅಂತೀಯಂತೆ?”

“ನನಗೆ ಕಂಡಿಲ್ಲ ಎಂದೆ, ಅವಧಾನಿಗಳೇ. ನೀವು ಕಂಡಿದ್ದರೆ ಹೇಗಿದ್ದಾನೆ ಹೇಳಿ.”

“ಅವನು ಮಾತಿಗೂ ಮನಸ್ಸಿಗೂ ನಿಲುಕದವನು, ಮೂರ್ಖ!”

“ಹಾಗಾದರೆ ಅವನಿಗೆ ತುಪ್ಪದಲ್ಲಿ ಕರಿದ ಕಜ್ಜಾಯವೇ ಆಗಬೇಕು, ಎಣ್ಣೆಯದು ಸೇರುವುದಿಲ್ಲ ಎಂಬುದು ಮಾತ್ರ ನಿಮಗೆ ಹೇಗೆ ನಿಲುಕಿತು?”

ಸಭೆ ಗೊಳ್ಳೆಂದಿತು. ಅವಧಾನಿಗಳ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು.

“ಪ್ರಭು, ಈ ನಾಲಿಗೆಯನ್ನು ಕತ್ತರಿಸಿ ಹಾಕಿಸಬೇಕು! ನನ್ನ ಮಾತು ಬೇಡ, ದೇವರನ್ನೇ ಕೇಳೋಣ. ನಾನು ಕೇಳಿದ ಹೂವಿನ ಅಪ್ಪಣೆ ಎಂದಾದರೂ ತಪ್ಪಿದ್ದುಂಟೇ?”

ತಪ್ಪಿದ್ದಿಲ್ಲ. ದೇವರ ಎರಡು ಭುಜಕ್ಕೂ ಗಂಧದಿಂದ ಒಂದೊಂದು ಹೂ ಅಂಟಿಸುವುದು, ಪ್ರಶ್ನೆ ಕೇಳುವುದು, ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅಂಟಿಸುವವರು ಅವಧಾನಿಗಳು. ಆದ್ದರಿಂದ ದೇವರಿಗೂ ಅವರಿಗೂ ಎಂದೂ ಭಿನ್ನಾಭಿಪ್ರಾಯ ಬಂದಿರಲಿಲ್ಲ.

ಎಲ್ಲರೂ ಗುಡಿಗೆ ನಡೆದರು. ಅವಧಾನಿಗಳು ಹೂ ಅಂಟಿಸಿ, “ಸ್ವಾಮೀ, ನಾಸ್ತಿಕನ ನಾಲಿಗೆ ಕತ್ತರಿಸೋಣವೇ?” ಎಂದು ಗಂಟೆ ಬಾರಿಸಿದರು. ಬಲಗಡೆಯ ಹೂ ತಟ್ಟನೆ ಬಿತ್ತು.

ದೊರೆಗಳು ಬಿಳಿಚಿಕೊಂಡರು. ಅಪ್ಪಣೆ ಮೀರುವ ಎದೆ ಅವರಿಗಿರಲಿಲ್ಲ. ಕಟುಕನನ್ನು ಕರೆತರಲು ಆಳು ಹೊರಟ.

ಅರಸರು ಶಲ್ಯ ಸರಿಪಡಿಸಿಕೊಂಡು ಮುಂದೆ ಬಂದರು. “ಪ್ರಭು, ಅದಕ್ಕೆ ಮೊದಲು ನನಗೂ ಒಂದು ಅಪ್ಪಣೆ ಆಗಬೇಕು.”

“ಧಾರಾಳವಾಗಿ ಕೇಳಿ,” ಎಂದರು ಅವಧಾನಿಗಳು, ಹೊಸ ಹೂ ಕೈಗೆತ್ತಿಕೊಂಡು. “ಏನು ಪ್ರಶ್ನೆ?”

“ಮನಸ್ಸಿನಲ್ಲೇ ಇದೆ. ಹಾಗೂ ಕೇಳಬಹುದಲ್ಲವೇ? ಊರಿನ ಹೆಂಗಸರೆಲ್ಲ ಹಾಗೇ ಕೇಳುತ್ತಾರೆ.”

“ಕೇಳಬಹುದು... ಆದರೂ ಬಾಯಿಬಿಟ್ಟು ಹೇಳಿದರೆ ಒಳ್ಳೆಯದು.”

“ಯಾರಿಗೆ ಒಳ್ಳೆಯದು? ಉತ್ತರ ಕೊಡುವವನು ದೇವರು ತಾನೆ? ನೀವು ಬರೀ ಹೂ ಅಂಟಿಸುವವರು.”

ಅವಧಾನಿಗಳು ಬಲಗಡೆಯ ಹೂವನ್ನು ಸಡಿಲವಾಗಿ ಇಟ್ಟರು. ಅರಸರ ಮುಖ ನೋಡಿದರು. ಅದನ್ನು ತೆಗೆದು ಒತ್ತಿ ಅಂಟಿಸಿ ಎಡಗಡೆಯದನ್ನು ಸಡಿಲಿಸಿದರು. ಮತ್ತೆ ಅರಸರ ಮುಖ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.

“ಅದು ಮದುವೆಯ ವಿಷಯವೋ, ವ್ಯಾಜ್ಯದ ವಿಷಯವೋ? ಅಷ್ಟಾದರೂ ಹೇಳಿ!”

“ದೇವರು ಕೇಳುತ್ತಿದ್ದಾನೆಯೇ, ನೀವು ಕೇಳುತ್ತಿದ್ದೀರಾ?”

ಅವಧಾನಿಗಳ ಹಣೆಯ ಗಂಧ ಕರಗಿ ಮೂಗಿನ ಮೇಲೆ ಇಳಿಯಿತು. ಕೊನೆಗೆ ಅವರು ಎರಡೂ ಹೂಗಳಿಗೆ ಮುದ್ದೆಗಟ್ಟಲೆ ಗಂಧ ಮೆತ್ತಿ, ಗಂಟೆ ಬಾರಿಸಿ, ಕಣ್ಣು ಮುಚ್ಚಿದರು.

ಯಾವ ಹೂವೂ ಬೀಳಲಿಲ್ಲ. ಬಾರಿಸಿ ಬಾರಿಸಿ ಕೈ ಸೋತರೂ ಬೀಳಲಿಲ್ಲ.

“ಇವರ ಪ್ರಶ್ನೆ ಅಪವಿತ್ರ, ಪ್ರಭು!” ಅವಧಾನಿಗಳು ಅರಚಿದರು. “ಅದನ್ನು ಕೇಳಿಯೇ ದೇವರು ಮುನಿದಿದ್ದಾನೆ!”

“ಅಂಥದ್ದೇನು ಕೇಳಿದಿರಿ, ಅರಸರೇ?” ದೊರೆಗಳು ಗಾಬರಿಯಿಂದ ವಿಚಾರಿಸಿದರು.

“ಏನೂ ಕೇಳಲಿಲ್ಲ, ಪ್ರಭು.”

“ಏನೂ ಇಲ್ಲವೇ?”

“ಏನೂ ಇಲ್ಲ. ಕಪಿಲಭಟ್ಟರ ತಾಳ್ಮೆಯನ್ನು ಮೆಚ್ಚಿಕೊಳ್ಳುತ್ತ ಸುಮ್ಮನೆ ನಿಂತಿದ್ದೆ. ಕೇಳದ ಪ್ರಶ್ನೆಗೆ ದೇವರೂ ಸುಮ್ಮನಿದ್ದ; ಅದು ಮರ್ಯಾದೆ. ಬೆವರಿದ್ದು ಅವಧಾನಿಗಳೊಬ್ಬರೇ.”

ದೊರೆಗಳು ದೇವರ ಭುಜದತ್ತ ಕತ್ತು ಚಾಚಿ ನೋಡಿದರು. “ಅವಧಾನಿಗಳೇ, ಆ ಬಲಗಡೆಯ ಹೂ ತೆಗೆಯಿರಿ.”

ಅವಧಾನಿಗಳು ಎಳೆದರು. ಎಸಳು ಕೈಗೆ ಬಂತು, ಹೂ ಬರಲಿಲ್ಲ.

ದೊರೆಗಳು ಗರ್ಭಗುಡಿಯ ಮುಂದಿದ್ದೇವೆ ಎಂಬುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಬಂದಿದ್ದ ಕಟುಕನನ್ನು ಹಿಂದಕ್ಕೆ ಕಳಿಸಿ, ಕೈಯ ಕಡಗವನ್ನು ತೆಗೆದು ಅರಸರತ್ತ ಚಾಚಿದರು. ಕಪಿಲಭಟ್ಟರೂ ಬಾಯಿ ತೆರೆದರು, ನಾಲಿಗೆ ಇನ್ನೂ ಅವರದೇ ಆಗಿತ್ತಲ್ಲ: “ಅರಸರೇ, ಈ ಗುಡಿಯಲ್ಲಿ ಇಂದು ಸತ್ಯ ನುಡಿದದ್ದು ಆ ಕಲ್ಲೊಂದೇ.”

ಅರಸರು ಕಡಗ ಮುಟ್ಟಲಿಲ್ಲ. ನಗಲೂ ಇಲ್ಲ.

“ಬಹುಮಾನ ಬೇಡ, ಪ್ರಭು. ಅವಧಾನಿಗಳೇ, ಇತ್ತ ಬನ್ನಿ. ನೆಟ್ಟಗೆ ನಿಲ್ಲಿ. ಶ್ಲೋಕ ಬೇಡ, ಕನ್ನಡದಲ್ಲಿ, ಎಲ್ಲರಿಗೂ ಕೇಳಿಸುವಂತೆ, ಕಪಿಲಭಟ್ಟರ ಕ್ಷಮೆ ಕೇಳಿ.”