ನಲವತ್ತನೆಯ ಚಾಕು ಕೊಟ್ಟ ಮಾತು

ಫಾಲಾಕ್ಷಯ್ಯನವರಿಗೆ ಮಡಚುವ ಚಾಕು ಕೊಳ್ಳುವ ಹುಚ್ಚು. ಅವರ ಗಾಜಿನ ಪೆಟ್ಟಿಗೆಯಲ್ಲಿ ಮೂವತ್ತೊಂಬತ್ತು ಚಾಕುಗಳು ಮಖಮಲ್ಲಿನ ಮೇಲೆ ಮಲಗಿದ್ದವು. ನಲವತ್ತನೆಯದು ಅಂಚೆಯಲ್ಲಿ ಬಂತು. ರಟ್ಟಿನ ಡಬ್ಬಕ್ಕೆ ಸುತ್ತಲೂ ಟೇಪು ಅಂಟಿಸಿತ್ತು. ಫಾಲಾಕ್ಷಯ್ಯನವರು ಚಾಕುಗಳನ್ನೊಮ್ಮೆ ನೋಡಿದರು. ಆಮೇಲೆ ಜೇಬಿನಿಂದ ಸ್ಕೂಟರಿನ ಕೀಲಿಕೈ ತೆಗೆದು ಅದರಿಂದಲೇ ಟೇಪು ಹರಿದರು.

ಹೊರಬಂದ ಚಾಕು ಕೇಳಿತು: “ನನ್ನನ್ನು ಬಿಡಿಸಿದವರು ಯಾರು?”

“ನಾನು,” ಎಂದಿತು ಕೀಲಿಕೈ. “ಇವರೆಲ್ಲರನ್ನೂ ಬಿಡಿಸಿದ್ದು ನಾನೇ. ಹಲ್ಲು ಸವೆದುಹೋಗಿದೆ. ಈಗ ನಾಲ್ಕು ಸಲ ತಿರುಗಿಸಿದರೆ ಸ್ಕೂಟರು ಒಂದು ಸಲ ಮಾತು ಕೇಳುತ್ತದೆ.”

ಚಾಕುವಿಗೆ ನಾಚಿಕೆಯಾಯಿತು. “ಅಲಗಿರುವವರು ನಾವು ನಲವತ್ತು ಜನ ಇದ್ದೂ ನೀವು ಸವೆಯುವುದೇ? ಇನ್ನು ಯಾವ ಡಬ್ಬ ಬಂದರೂ ನಾನೇ ಕೊಯ್ಯುತ್ತೇನೆ. ಇದು ನನ್ನ ಮಾತು.”

ಪೆಟ್ಟಿಗೆಯಲ್ಲಿದ್ದ ಚಾಕುಗಳು ಸರಿದು ಜಾಗ ಕೊಟ್ಟವು.

ಫಾಲಾಕ್ಷಯ್ಯನವರು ಹೊಸ ಚಾಕುವಿಗೆ ದಿನವೂ ಎಣ್ಣೆ ಸವರಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮನೆಗೆ ಬಂದವರಿಗೆಲ್ಲ ತೋರಿಸಿದರು. ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ಡಬ್ಬ ಬಂತು.

“ತಮ್ಮಾ, ನಿನ್ನ ಸರದಿ,” ಎಂದಿತು ಕೀಲಿಕೈ.

ನಲವತ್ತನೆಯ ಚಾಕು ಅಲಗನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಿತು. “ಕೊಯ್ಯಬಹುದಿತ್ತು. ಆದರೆ ಟೇಪಿನ ಅಂಟು ಹತ್ತಿದರೆ ಹೊಳಪು ಹೋಗುತ್ತದಂತೆ.”

“ಗೊತ್ತು,” ಎಂದು ಕೀಲಿಕೈ ನಕ್ಕಿತು. “ನಿನಗಿಂತ ಮುಂಚೆ ಮೂವತ್ತೊಂಬತ್ತು ಜನ ಇದನ್ನೇ ಹೇಳಿದ್ದರು.”

ಈ ಡಬ್ಬವನ್ನೂ ಅದೇ ಬಿಚ್ಚಿತು. ಅಂದು ಸಂಜೆ ಎಷ್ಟು ತಿರುಗಿಸಿದರೂ ಸ್ಕೂಟರು ಹೊರಡಲಿಲ್ಲ. ನಲವತ್ತೆರಡನೆಯ ಚಾಕು ಕೊಳ್ಳಲು ಫಾಲಾಕ್ಷಯ್ಯನವರು ಪೇಟೆಗೆ ನಡೆದೇ ಹೋದರು.